ರಜೆಯ ಗುರುವಾರ, ಸಿಹಿಗುಂಬಳ ಮತ್ತು 40 ಲೀಟರಿನ ಓವನ್

ಮನೆಗೆ ಒಂದು ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಕರೆಂಟಿನ ಓವನ್) ತಗೊಳ್ಳೋಣವೋ ಬೇಡವೋ ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮದು 40 ಲೀಟರ್, 2000 ವ್ಯಾಟ್. ದೀಪಾವಳಿ ಹೊತ್ತಿಗೆ ಡಿವಿಜಿ ರಸ್ತೆಯ ಒಂದು ಅಂಗಡಿಯಲ್ಲಿ ಕೊಂಡೆವು, ಹತ್ತು ಸಾವಿರದ ಒಳಗೇ ಬಂತು. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಅಳತೆ, ಈ ಬೆಲೆಯ ಓವನ್‌ಗಳ ಒಳಗೆ ಇರುವುದು ಹೆಚ್ಚು ಕಡಿಮೆ ಒಂದೇ: ಮೇಲೆ ರಾಡು, ಕೆಳಗೆ ರಾಡು, ಬಿಸಿಯನ್ನು ಹದದಲ್ಲಿ ಇಡುವ ಒಂದು ಥರ್ಮೋಸ್ಟಾಟ್, ತಿರುಗಿಸುವ ಟೈಮರ್, ಹಿಂದುಗಡೆ ಒಂದು ಸಣ್ಣ ಫ್ಯಾನು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಿಡುವಿರುವ ದಿನಕ್ಕೆ ಇದು ತುಂಬಾ ಒಳ್ಳೆಯ ವಸ್ತು. ಬೆಳಗ್ಗೆ ಏಳೂವರೆಗೆ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ಇದರಿಂದ ಏನೂ ಉಪಯೋಗ ಇಲ್ಲ.

ನನಗೆ ಆ ಬಿಡುವು ಸಿಕ್ಕಿದ್ದು ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ನಾನು ಅಮೆರಿಕದ ಕಂಪನಿಯೊಂದರ ಪೇರೋಲ್ ಕೆಲಸ ನೋಡುತ್ತೇನೆ, ಕೂತಿರುವುದು ಬೆಂಗಳೂರಿನಲ್ಲಿ. ನವೆಂಬರಿನ ನಾಲ್ಕನೇ ಗುರುವಾರ ಅಲ್ಲಿ ಎಲ್ಲಾ ಬಂದ್. 2024ರಲ್ಲಿ ಅದು 28ನೇ ತಾರೀಕು ಬಂತು, ನಮ್ಮ ಟೀಮಿಗೂ ರಜೆ ಕೊಟ್ಟರು. ನಮ್ಮ ಊರಿಗೆ ಅದು ಸಾಮಾನ್ಯ ಗುರುವಾರ. ಮಗನಿಗೆ ಶಾಲೆ, ನಮ್ಮೆಜಮಾನರಿಗೆ ಆಫೀಸು. ಮನೆಯಲ್ಲಿ ಉಳಿದವರು ನಾನು ಮತ್ತು ನಮ್ಮತ್ತೆ. ಹಬ್ಬದ ರಜೆಯಲ್ಲಿ ಮನೆ ತೊಳೆಯುವುದು, ತೋರಣ ಕಟ್ಟುವುದು, ನೆಂಟರಿಗೆ ಎಲೆ ಹಾಕುವುದು ಇದ್ದೇ ಇರುತ್ತೆ. ಈ ರಜೆಗೆ ಅದ್ಯಾವುದೂ ಇಲ್ಲ. ಯಾರೂ ಬರುವವರಿಲ್ಲ, ಎಲ್ಲಿಗೂ ಹೋಗಬೇಕಾಗಿಲ್ಲ. ಇಂಥ ದಿನ ನನಗೆ ಬಹಳ ಇಷ್ಟ. ಸುಮ್ನೆ ಮಲಗಿ ಕಳೆಯಲು ಮನಸ್ಸಾಗಲಿಲ್ಲ, ಡಬ್ಬದಲ್ಲೇ ಕೂತಿದ್ದ ಓವನ್ ಹೊರಗೆ ತೆಗೆದೆ.

ಮೊದಲು ಪ್ಲಗ್ಗಿನ ವಿಷಯ, ಅಂಗಡಿಯವರು ಇದನ್ನು ಯಾರಿಗೂ ಮುಂಚೆ ಹೇಳುವುದಿಲ್ಲ. 2000 ವ್ಯಾಟ್ ಅಂದರೆ ಹತ್ತಿರ ಹತ್ತಿರ 9 ಆಂಪಿಯರ್. ಮಿಕ್ಸಿ ಹಾಕುವ ಸಣ್ಣ ಪಾಯಿಂಟಿಗೆ ಇದರ ಪ್ಲಗ್ ಕೂರುವುದೇ ಇಲ್ಲ, 16 ಆಂಪಿಯರಿನ ದಪ್ಪ ಪಾಯಿಂಟೇ ಬೇಕು. ಹನುಮಂತನಗರದ ನಮ್ಮ ಮನೆಯ ಅಡುಗೆಮನೆಯಲ್ಲಿ ಅಂಥದ್ದು ಒಂದೇ, ಅದು ಫ್ರಿಜ್ಜಿಗೆ ಹೋಗಿದೆ. ಹಾಗಾಗಿ ಓವನ್ ಯುಟಿಲಿಟಿಗೆ ಹೋಯಿತು. ಅಲ್ಲಿ ವಾಷಿಂಗ್ ಮಷೀನಿನ ಪಾಯಿಂಟ್ ಇತ್ತು, ಪಕ್ಕದಲ್ಲೇ ಕಲ್ಲಿನ ಕಟ್ಟೆಯೂ ಇತ್ತು. ಬಟ್ಟೆ ಒಗೆಯುವಾಗ ಓವನ್ ಇಲ್ಲ, ಓವನ್ ಉರಿಯುವಾಗ ಬಟ್ಟೆ ಇಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಎಳೆಯುವ ಯೋಚನೆಯನ್ನೇ ಮಾಡಬೇಡಿ, ವೈರು ಬಿಸಿಯಾಗುತ್ತೆ. ಗೋಡೆಯಿಂದ ನಾಲ್ಕು ಬೆರಳಿಗಿಂತ ಜಾಸ್ತಿ ಜಾಗ ಬಿಡಿ. ಇದರ ಪಕ್ಕದ ತಗಡು ಕೈ ಇಡಲಾಗದಷ್ಟು ಕಾಯುತ್ತೆ.

ಹೊಸ ಓವನ್ನನ್ನು ಮೊದಲು ಖಾಲಿ ಕಾಯಿಸಬೇಕು. ಫ್ಯಾಕ್ಟರಿಯಲ್ಲಿ ರಾಡಿಗೆ ಹಚ್ಚಿದ ಎಣ್ಣೆ ಸುಟ್ಟು ಹೋಗಲಿ ಅಂತ. ಬುಧವಾರ ರಾತ್ರಿ ಕಿಟಕಿ ತೆಗೆದು ಈ ಕೆಲಸ ಮುಗಿಸಿದೆ. ಸ್ವಲ್ಪ ಹೊಗೆ ಬಂತು, ಸ್ವಲ್ಪ ವಾಸನೆ, ಅಷ್ಟೇ.

ಈಗ ಅಡುಗೆಗೆ ಬರೋಣ. ಥ್ಯಾಂಕ್ಸ್‌ಗಿವಿಂಗ್ ಅಂದರೆ ಟರ್ಕಿ ಕೋಳಿ, ಅದು ಎಲ್ಲರಿಗೂ ಗೊತ್ತು. ಆದರೆ ಆ ಹಬ್ಬ ಪ್ರತಿ ವರ್ಷವೂ ಗುರುವಾರವೇ ಬರುತ್ತೆ, ಗುರುವಾರ ನಮ್ಮತ್ತೆಗೆ ರಾಯರ ವಾರ. ಮೇಲಾಗಿ ಕಾರ್ತಿಕ ಮಾಸ. ಮಾಂಸ ಹೋಗಲಿ, ಮೊಟ್ಟೆಯೂ ಒಲೆ ಹತ್ತಿರ ಸುಳಿಯುವ ಹಾಗಿಲ್ಲ. ನನಗದು ತೊಂದರೆ ಅನಿಸಲಿಲ್ಲ. ಆ ಊಟದಲ್ಲಿ ಟರ್ಕಿ ಬಿಟ್ಟರೆ ಮಿಕ್ಕಿದ್ದೆಲ್ಲ ನಮ್ಮ ಗಾಂಧಿ ಬಜಾರಿನಲ್ಲೇ ಸಿಗುತ್ತೆ: ಸಿಹಿಗುಂಬಳ, ಗೆಣಸು, ಮುಸುಕಿನ ಜೋಳ, ಹುರುಳಿಕಾಯಿ. ನ್ಯೂಜೆರ್ಸಿಯಲ್ಲಿರುವ ನಮ್ಮಕ್ಕ ಹಿಂದಿನ ದಿನವೇ ಪಂಪ್ಕಿನ್ ಪೈ (ಹಿಟ್ಟಿನ ತಳದ ಮೇಲೆ ಕುಂಬಳದ ಹೂರಣ ತುಂಬಿ ಬೇಯಿಸುವ ಸಿಹಿ) ಮಾಡುವ ಬಗೆ ಹೇಳಿಕೊಟ್ಟಿದ್ದಳು. ಅವಳು ಡಬ್ಬಿಯ ಕುಂಬಳಕಾಯಿ ಬಳಸುತ್ತಾಳೆ. ಅಲ್ಲಿ ಡಬ್ಬಿಗೆ ಹೋಗುವ ಕುಂಬಳದಲ್ಲಿ ಹೆಚ್ಚಿನ ಪಾಲು ಇಲಿನಾಯ್ ರಾಜ್ಯದ್ದು. ನಮಗೆ ಡಬ್ಬಿ ಯಾಕೆ, ಒಂದು ಇಡೀ ಕಾಯಿಯನ್ನೇ ತಂದಿದ್ದೆ.

ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕಬಾರದು ಅನ್ನುವುದು ನಮ್ಮ ಕಡೆಯ ಪದ್ಧತಿ. ಅತ್ತೆ ಅದನ್ನು ಬಿಡುವವರಲ್ಲ. ಮಗ ಯೂನಿಫಾರ್ಮ್ ಹಾಕಿಕೊಂಡು, ಶೂಗೆ ಕಾಲು ತೂರಿಸುವ ಮುಂಚೆ ಮಚ್ಚಿನಲ್ಲಿ ಒಂದು ಏಟು ಹಾಕಿ ಹೋದ. ಆಮೇಲೆ ಹೋಳು ಮಾಡಿದ್ದು ನಾವಿಬ್ಬರೇ.

ಈ ಓವನ್ನಿನ ನಿಜವಾದ ಗುಣ ಗೊತ್ತಾಗಿದ್ದು ಈ ಕುಂಬಳಕಾಯಿಯಲ್ಲೇ. ಕುಂಬಳದಲ್ಲಿ ನೂರಕ್ಕೆ 90 ಪಾಲಿಗೂ ಮೀರಿ ನೀರು. ಕುಕ್ಕರಿನಲ್ಲಿ ಬೇಯಿಸಿದರೆ ಆ ನೀರು ಅಲ್ಲೇ ಉಳಿಯುತ್ತೆ, ಪಲ್ಯಕ್ಕೆ ಅದು ಸರಿ. ಪೈ ಒಳಗಿನ ಹೂರಣಕ್ಕೆ ಅಷ್ಟು ನೀರು ಆಗುವುದಿಲ್ಲ. ದೊಡ್ಡ ಹೋಳುಗಳನ್ನು ಸಿಪ್ಪೆ ಸಮೇತ ತಟ್ಟೆಯಲ್ಲಿ ಹರಡಿ, ಒಂದು ಚಮಚ ತುಪ್ಪ ಸವರಿ, 200 ಡಿಗ್ರಿಯಲ್ಲಿ ಇಟ್ಟೆ. ಗಾಜಿನ ಬಾಗಿಲ ಮುಂದೆ ಮಣೆ ಹಾಕಿಕೊಂಡು ಕೂತು ನೋಡಿದೆ. ಮೊದಲು ಹೋಳುಗಳ ಮೈಮೇಲೆ ಸಣ್ಣ ಸಣ್ಣ ನೀರಿನ ಹನಿ ಎದ್ದವು. ಆಮೇಲೆ ಅವು ಆರಿದವು. ಅಂಚು ಸುಕ್ಕುಗಟ್ಟಿತು, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು, ತಟ್ಟೆಗೆ ತಾಗಿದ ಕಡೆ ಪಾಕ ಅಂಟಿಕೊಂಡಿತು. ಸಕ್ಕರೆ ಒಂದು ಕಾಳೂ ಹಾಕಿಲ್ಲ. ಬಾಗಿಲು ತೆಗೆದಾಗ ಬಂದ ಘಮಕ್ಕೆ ಅತ್ತೆ ಒಳಮನೆಯಿಂದ ಎದ್ದು ಬಂದರು. ಚಮಚದಲ್ಲಿ ಕೆರೆದರೆ ಸಿಪ್ಪೆಯಿಂದ ತಿರುಳು ತಾನಾಗಿ ಬಿಟ್ಟುಕೊಂಡಿತು. ಇಷ್ಟು ವರ್ಷ ತಿಂದ ಕುಂಬಳಕಾಯಿಯಲ್ಲಿ ಈ ಸಿಹಿ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಆದರೆ ಡಯಲ್ಲಿನ ಮೇಲಿರುವ ನಂಬರನ್ನು ನಂಬಬೇಡಿ. ನಾನು ಒಳಗೆ ನೇತುಹಾಕುವ ಥರ್ಮಾಮೀಟರ್ ಬೇರೆ ತಂದಿದ್ದೆ, ಕೆಲವು ನೂರು ರೂಪಾಯಿಗೆ ಸಿಗುತ್ತೆ, ಓವನ್ ಕೊಳ್ಳುವ ಎಲ್ಲರೂ ತಗೊಳ್ಳಲೇಬೇಕು. ಡಯಲ್ 200 ಅಂದಾಗ ಒಳಗೆ 180 ಚಿಲ್ಲರೆ ಇತ್ತು. ಕೆಂಪು ದೀಪ ಆರಿದ ತಕ್ಷಣ ಓವನ್ ರೆಡಿ ಅಂತ ಕೈಪಿಡಿಯಲ್ಲಿ ಬರೆದಿದೆ, ಅದೂ ಪೂರ್ತಿ ನಿಜ ಅಲ್ಲ. ಥರ್ಮೋಸ್ಟಾಟ್ ಅಳೆಯುವುದು ತಾನು ಕೂತಿರುವ ಮೂಲೆಯ ಬಿಸಿಯನ್ನು. ಒಳಗಿನ ಗೋಡೆ, ಜಾಲರಿ, ತಟ್ಟೆ ಎಲ್ಲ ಕಾಯಲು ಇನ್ನೂ ಹೊತ್ತು ಬೇಕು. ದೀಪ ಒಂದು ಸಲ ಆರಿ, ಮತ್ತೆ ಹತ್ತಿ, ಇನ್ನೊಂದು ಸಲ ಆರುವವರೆಗೆ ಕಾದರೆ ಬಿಸಿ ಒಂದು ಹದಕ್ಕೆ ನಿಲ್ಲುತ್ತೆ. ಪ್ರತಿ ಸಲವೂ ಒಳಗಿಂದ ಟಕ್ ಅಂತ ಒಂದು ಸಣ್ಣ ಸದ್ದು ಬರುತ್ತೆ. ಟಿವಿ, ಮಿಕ್ಸಿ ಯಾವುದೂ ಇಲ್ಲದ ಮಧ್ಯಾಹ್ನವಾದ್ದರಿಂದ ಅದು ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಇನ್ನೊಂದು ವಿಷಯ: ಹಿಂದಿನ ಎಡಮೂಲೆ ಜಾಸ್ತಿ ಉರಿಯುತ್ತೆ. ಅರ್ಧ ಹೊತ್ತಾದ ಮೇಲೆ ತಟ್ಟೆಯನ್ನು ಹಿಂದು ಮುಂದು ತಿರುಗಿಸಿದರೆ ಸರಿಹೋಗುತ್ತೆ.

ಪೈ ತಳಕ್ಕೆ ಮೈದಾ ಮತ್ತು ಉಪ್ಪು ಹಾಕದ ನಂದಿನಿ ಬೆಣ್ಣೆ. ಬೆಣ್ಣೆಯನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ, ಕೊಬ್ಬರಿ ತುರಿದ ಹಾಗೆ ತುರಿದು ಹಿಟ್ಟಿಗೆ ಬೆರೆಸಿ, ಚಮಚದ ಲೆಕ್ಕದಲ್ಲಿ ತಣ್ಣೀರು ಹಾಕಿ ಕಲಸಿದೆ. ನಾದಬಾರದು, ಸೇರಿಸಿ ಬಿಡಬೇಕು. ತಳ ಉಬ್ಬದಿರಲಿ ಅಂತ ಮೇಲೆ ಬಟರ್ ಪೇಪರ್ ಹಾಸಿ ಒಣ ಹುರುಳಿಕಾಳು ತುಂಬಿ ಮೊದಲು ಅಷ್ಟನ್ನೇ ಬೇಯಿಸಿದೆ. ಹೂರಣಕ್ಕೆ ಕುಂಬಳದ ತಿರುಳು, ಕ್ರೀಮು, ಬೆಲ್ಲದ ಪುಡಿ, ಮೊಟ್ಟೆ ಬದಲು ಕಾರ್ನ್‌ಫ್ಲೋರ್. ಮಸಾಲೆಗೆ ಅಂಗಡಿಗೆ ಹೋಗಬೇಕಾಗಿಲ್ಲ. ಚಕ್ಕೆ, ಲವಂಗ, ಒಣಶುಂಠಿ, ಜಾಕಾಯಿ. ಅಮೆರಿಕದವರ ಪಂಪ್ಕಿನ್ ಮಸಾಲೆಯ ಡಬ್ಬಿಯಲ್ಲಿ ಇರುವುದು ಮುಖ್ಯವಾಗಿ ಇವೇ, ಎಲ್ಲ ನಮ್ಮ ಸಾಂಬಾರ ಪೆಟ್ಟಿಗೆಯಲ್ಲಿ ಇದ್ದವು.

ಪೈ ಒಳಗಿದ್ದಾಗ ಕರೆಂಟು ಹೋಯಿತು. ಜಾಸ್ತಿ ಹೊತ್ತೇನಲ್ಲ, ಆದರೆ ಇದರಿಂದ ಒಂದು ಮುಖ್ಯ ವಿಷಯ ಗೊತ್ತಾಯಿತು. ಈ ಟೈಮರ್ ನಡೆಯುವುದು ಸ್ಪ್ರಿಂಗಿನ ಮೇಲೆ, ಕರೆಂಟಿನ ಮೇಲಲ್ಲ. ರಾಡು ತಣ್ಣಗಾಗುತ್ತಿದ್ದರೂ ಅದು ತನ್ನ ಪಾಡಿಗೆ ಟಿಕ್ ಟಿಕ್ ಅನ್ನುತ್ತ ನಿಮಿಷ ಕಳೆಯುತ್ತಲೇ ಇರುತ್ತೆ. ಕರೆಂಟು ಹೋದಾಗ ಗಡಿಯಾರ ನೋಡಿಕೊಳ್ಳಿ, ಬಂದ ಮೇಲೆ ಅಷ್ಟು ನಿಮಿಷ ಸೇರಿಸಿ. ಬಾಗಿಲು ಮಾತ್ರ ತೆಗೆಯಬೇಡಿ. ನಾನು ತೆಗೆಯಲಿಲ್ಲ, ಒಳಗಿನ ಬಿಸಿಯಲ್ಲೇ ಪೈ ಬೇಯುತ್ತಿತ್ತು, ಏನೂ ಕೆಡಲಿಲ್ಲ. ನಡು ಸ್ವಲ್ಪ ನಡುಗುವಾಗಲೇ ಹೊರಗೆ ತೆಗೆದು, ಪೂರ್ತಿ ಆರಿದ ಮೇಲೆ ಕತ್ತರಿಸಬೇಕು.

ಇನ್ನು ಸ್ಟಫಿಂಗ್. ಅಲ್ಲಿ ಇದನ್ನು ಟರ್ಕಿ ಹೊಟ್ಟೆಗೆ ತುಂಬುತ್ತಾರೆ, ಬೇರೆ ತಟ್ಟೆಯಲ್ಲಿ ಬೇಯಿಸುವವರೂ ಇದ್ದಾರೆ. ನಾನು ನಮ್ಮ ಬೀದಿ ಕೊನೆಯ ಅಯ್ಯಂಗಾರ್ ಬೇಕರಿಯ ಬ್ರೆಡ್ಡನ್ನು ಚೌಕ ಚೌಕ ಹೆಚ್ಚಿ, ಓವನ್ನಿನಲ್ಲೇ ಗರಿ ಮಾಡಿ, ಬೆಣ್ಣೆಯಲ್ಲಿ ಹುರಿದ ಈರುಳ್ಳಿ, ತರಕಾರಿ ಬೇಯಿಸಿದ ನೀರು ಹಾಕಿ ಕಲಸಿದೆ. ಅವರು ಹಾಕುವ ಸೇಜ್ ಎಲೆ ನನ್ನ ಹತ್ತಿರ ಇರಲಿಲ್ಲ. ಅತ್ತೆ ಬಾಲ್ಕನಿ ಕುಂಡದಿಂದ ಒಂದು ಹಿಡಿ ದೊಡ್ಡಪತ್ರೆ ಕಿತ್ತು ತಂದು, "ಇದ್ನ ಹಾಕ್ನೋಡವ್ವ" ಅಂದರು. ಎಷ್ಟು ಚೆನ್ನಾಗಿ ಹೊಂದಿಕೊಂಡಿತು ಅಂದರೆ, ಮುಂದೆ ಸೇಜ್ ಸಿಕ್ಕಿದರೂ ನಾನು ದೊಡ್ಡಪತ್ರೆಯನ್ನೇ ಹಾಕುತ್ತೇನೆ. ಮೇಲಿನ ರಾಡು ಮಾತ್ರ ಉರಿಯುವ ಹಾಗೆ ನಾಬ್ ತಿರುಗಿಸಿ ಕೊನೆಯ ಹತ್ತು ನಿಮಿಷ ಬಿಟ್ಟೆ. ಮೇಲೆ ಕರುಂ ಕುರುಂ, ಒಳಗೆ ಮೆತ್ತಗೆ. ಬಾಣಲೆಯಲ್ಲಿ ಈ ಹದ ಬರುವುದಿಲ್ಲ.

ಗೆಣಸಿನ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ಸಿಪ್ಪೆ ಸಮೇತ ಇಟ್ಟು ಮರೆತುಬಿಟ್ಟರೂ ನಡೆಯುತ್ತೆ, ಕೆಂಡದಲ್ಲಿ ಸುಟ್ಟಷ್ಟೇ ಚೆನ್ನಾಗಿ ಬರುತ್ತೆ.

ಕಡಲೆಕಾಯಿಯೂ ಹುರಿದೆ. ಅದೇ ವಾರ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಶುರುವಾಗಿತ್ತು, ಕಾರ್ತಿಕದ ಕೊನೆಯ ಸೋಮವಾರ. ನಮ್ಮ ಮನೆಯಿಂದ ದೊಡ್ಡಬಸವಣ್ಣನ ಗುಡಿಗೆ ನಡೆದೇ ಹೋಗಬಹುದು. ಬುಲ್ ಟೆಂಪಲ್ ರಸ್ತೆಯ ಎರಡೂ ಕಡೆ ರಾಶಿ ರಾಶಿ ಕಾಯಿ, ಸೇರಿನಲ್ಲಿ ಅಳೆದು ಕೊಡುತ್ತಾರೆ. ಹಿಂದೆ ಇಲ್ಲಿ ಸುಂಕೇನಹಳ್ಳಿ ಅಂತ ಊರಿತ್ತು, ಬಸವ ಬಂದು ರೈತರ ಕಡಲೆಕಾಯಿ ಬೆಳೆ ಮೇಯುತ್ತಿದ್ದ, ಅಂದಿನಿಂದ ಮೊದಲ ಬೆಳೆ ಅವನಿಗೇ ಒಪ್ಪಿಸುತ್ತಾರೆ ಅನ್ನುವ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಬೆಳೆ ಕೈಗೆ ಬಂದಾಗ ಮೊದಲು ಕೈ ಮುಗಿಯುವ ಹಬ್ಬ. ಅಮೆರಿಕದವರದ್ದೂ ಮೂಲದಲ್ಲಿ ಸುಗ್ಗಿಯ ಊಟವೇ. ಒಂದೇ ವಾರದಲ್ಲಿ ಎರಡೂ ಬಂದಿದ್ದು ನನಗೆ ತುಂಬಾ ಸಂತೋಷ ಕೊಟ್ಟಿತು. ಅಂದ ಹಾಗೆ ಕಡಲೆಕಾಯಿ, ಗೆಣಸು, ಸಿಹಿಗುಂಬಳ, ಮುಸುಕಿನ ಜೋಳ ನಾಲ್ಕೂ ಅಮೆರಿಕ ಖಂಡಗಳಿಂದಲೇ ನಮ್ಮಲ್ಲಿಗೆ ಬಂದ ಬೆಳೆಗಳು. ಇದನ್ನು ಹೇಳಿದಾಗ ಅತ್ತೆ ಒಪ್ಪಲಿಲ್ಲ. ಗೆಣಸು ನಮ್ಮ ಹೊಲದ್ದೇ ಅನ್ನುವುದು ಅವರ ವಾದ, ನಾನೂ ಜಾಸ್ತಿ ಎಳೆದಾಡಲಿಲ್ಲ.

ಓವನ್ನಿನಲ್ಲಿ ಕಡಲೆಕಾಯಿ ಒಂದೇ ಸಮ ಹುರಿಯುತ್ತೆ, ಯಾವುದೂ ಸೀಯುವುದಿಲ್ಲ. ಆದರೂ ಪರಿಷೆಯಲ್ಲಿ ಮರಳಿನಲ್ಲಿ ಹುರಿದು ಕೊಡುವ ಕಾಯಿಯ ರುಚಿ ಇದಕ್ಕೆ ಬರುವುದಿಲ್ಲ. ಸಿಪ್ಪೆಯ ಆ ಸುಟ್ಟ ಘಮ ಇಲ್ಲ. ಇದೊಂದಕ್ಕೆ ನಾನು ಓವನ್ ಹಚ್ಚುವುದಿಲ್ಲ.

ಸಂಜೆ ಅತ್ತೆ ತುಳಸಿ ಮುಂದೆ ಕಾರ್ತಿಕದ ದೀಪ ಹಚ್ಚಿದ ಮೇಲೆ ಅಕ್ಕ ವಿಡಿಯೋ ಕಾಲ್ ಮಾಡಿದಳು. ನಮಗೆ ಏಳು ಗಂಟೆ ಆದಾಗ ಅವಳಿಗೆ ಬೆಳಗ್ಗೆ ಎಂಟೂವರೆ. ಅವರ ಟಿವಿಯಲ್ಲಿ ನ್ಯೂಯಾರ್ಕಿನ ಮೇಸೀಸ್ ಮೆರವಣಿಗೆ ಶುರುವಾಗಿತ್ತು, 1924ರಿಂದ ನಡೆದುಕೊಂಡು ಬಂದಿರುವುದು. ಆ ದಿನ ಅಲ್ಲಿ ಮಳೆ. ದೊಡ್ಡ ದೊಡ್ಡ ಬಲೂನುಗಳನ್ನು ರೈನ್‌ಕೋಟ್ ಹಾಕಿಕೊಂಡವರು ಹಗ್ಗ ಹಿಡಿದು ಎಳೆಯುತ್ತಿದ್ದರು. ಅವರ ಮನೆಯಲ್ಲೂ ನಾಲ್ಕೇ ಜನ, ಇಡೀ ಟರ್ಕಿ ತಂದಿರಲಿಲ್ಲ. ಎದೆಯ ತುಂಡು ಮಾತ್ರ ಒಲೆಗೆ ಹಾಕಲು ಭಾವ ಉಪ್ಪು ಸವರುತ್ತಿದ್ದರು. ಅಕ್ಕ ನಮ್ಮ ಪೈ ನೋಡಿ, "ಮೊಟ್ಟೆ ಇಲ್ಲದೆ ಇಷ್ಟು ಗಟ್ಟಿ ಹೆಂಗೆ ನಿಂತಿತೇ?" ಅಂತ ಎರಡೆರಡು ಸಲ ಕೇಳಿದಳು.

ಊಟಕ್ಕೆ ಕೂತಾಗ ಮಗ ಈ ಹಬ್ಬ ಯಾಕೆ ಅಂತ ಕೇಳಿದ. ಗೊತ್ತಿದ್ದಷ್ಟು ಹೇಳಿದೆ. 1621ರಲ್ಲಿ ಪ್ಲಿಮತ್ ಅನ್ನುವ ಕಡೆ ಇಂಗ್ಲೆಂಡಿನಿಂದ ಹೋಗಿ ನೆಲೆಸಿದವರು ಮೊದಲ ಸುಗ್ಗಿ ಆದಾಗ ವಾಂಪನೋಗ್ ಜನರ ಜೊತೆ ಕೂತು ಉಂಡರು. 1863ರಲ್ಲಿ, ಅಂತರ್ಯುದ್ಧ ನಡೆಯುತ್ತಿದ್ದಾಗಲೇ, ಲಿಂಕನ್ ಇದನ್ನು ಇಡೀ ದೇಶ ಆಚರಿಸಲಿ ಅಂತ ಘೋಷಿಸಿದರು. ನಾಲ್ಕನೇ ಗುರುವಾರ ಅಂತ ಕಾನೂನಾಗಿದ್ದು 1941ರಲ್ಲಿ. ಆ ನೆಲದ ಮೂಲ ಜನರಲ್ಲಿ ಎಷ್ಟೋ ಮಂದಿಗೆ ಇದು ದುಃಖದ ದಿನ, 1970ರಿಂದ ಅವರು ಅದೇ ಪ್ಲಿಮತ್‌ನಲ್ಲಿ ಸೇರಿ ಅದನ್ನು ನೆನೆಯುತ್ತಾರೆ. ಅದನ್ನೂ ಹೇಳಿದೆ, ಮಕ್ಕಳಿಗೆ ಅರ್ಧ ಕಥೆ ಹೇಳಬಾರದು. ಅವನು ಸುಮ್ಮನೆ ಕೇಳಿಸಿಕೊಂಡ. ಅತ್ತೆ ಪೈ ಬಾಯಿಗಿಟ್ಟು, "ಹೋಳಿಗೆ ಹೂರಣನ ಬಿಸ್ಕತ್ ಮ್ಯಾಲೆ ಇಕ್ದಂಗದೆ" ಅಂದು ಇನ್ನೊಂದು ತುಂಡು ಹಾಕಿಸಿಕೊಂಡರು. ಸಿಹಿ ಕಮ್ಮಿ ತಿನ್ನುವ ನಮ್ಮೆಜಮಾನರೂ ತಟ್ಟೆ ಖಾಲಿ ಮಾಡಿದರು.

ಕರೆಂಟ್ ಖರ್ಚು ಎಲ್ಲರೂ ಕೇಳುವ ಪ್ರಶ್ನೆ. ಆ ದಿನ ಮಧ್ಯಾಹ್ನದಿಂದ ಸಂಜೆವರೆಗೆ ಓವನ್ ಬಿಟ್ಟೂ ಬಿಟ್ಟೂ ಓಡಿದ್ದಕ್ಕೆ ಮೀಟರಿನಲ್ಲಿ ಮೂರು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಏರಿತ್ತು. ಬಿಸಿ ಹದಕ್ಕೆ ಬಂದ ಮೇಲೆ ರಾಡು ಆರುತ್ತ ಹತ್ತುತ್ತ ಇರುವುದರಿಂದ 2000 ವ್ಯಾಟ್ ಪೂರ್ತಿ ಎಳೆಯುವುದಿಲ್ಲ. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ಇರುವವರು ಒಂದು ಲೆಕ್ಕ ಇಟ್ಟುಕೊಳ್ಳಿ. 200 ಯೂನಿಟ್ ಅನ್ನುವುದು ಎಲ್ಲರಿಗೂ ಸಿಗುವುದಲ್ಲ, ನಿಮ್ಮ ಮನೆಯ ಹಿಂದಿನ ಬಳಕೆಯ ಸರಾಸರಿಗೆ ಸ್ವಲ್ಪ ಸೇರಿಸಿದಷ್ಟೇ ನಿಮ್ಮ ಮಿತಿ. ವಾರಕ್ಕೊಮ್ಮೆ ಬೇಕ್ ಮಾಡಿದರೆ ತಿಂಗಳಿಗೆ ಹತ್ತು ಹನ್ನೆರಡು ಯೂನಿಟ್ ಏರುತ್ತೆ. ಮಿತಿಯ ಅಂಚಿನಲ್ಲಿರುವ ಮನೆಗೆ ಅದು ಸಣ್ಣ ವಿಷಯ ಅಲ್ಲ.

ಕಾರ್ತಿಕ ಮುಗಿದ ಮೇಲಿನ ಭಾನುವಾರ ಕೋಳಿಯನ್ನೂ ಇಟ್ಟೆ. ನಮ್ಮ ಕೋಳಿ ಅಂಗಡಿಗಳಲ್ಲಿ ಕೇಳದಿದ್ದರೆ ಚರ್ಮ ಸುಲಿದು ತುಂಡು ಮಾಡಿಯೇ ಕೊಡುತ್ತಾರೆ. ಇದಕ್ಕೆ ಇಡೀ ಕೋಳಿ, ಚರ್ಮ ಸಮೇತ ಬೇಕು ಅಂತ ಮುಂಚೆಯೇ ಹೇಳಬೇಕು. ಒಂದೂಕಾಲು ಕೆಜಿಯದ್ದು ಆರಾಮಾಗಿ ಹಿಡಿಯಿತು. ಹಿಂದಿನ ರಾತ್ರಿಯೇ ಉಪ್ಪು, ಮೆಣಸಿನ ಪುಡಿ ಹಚ್ಚಿ ಫ್ರಿಜ್ಜಿನಲ್ಲಿ ತೆರೆದೇ ಇಟ್ಟರೆ ಚರ್ಮ ಒಣಗಿ ಚೆನ್ನಾಗಿ ಗರಿಯಾಗುತ್ತೆ. ತೊಡೆಯ ದಪ್ಪ ಭಾಗದ ಒಳಗೆ 74 ಡಿಗ್ರಿ ಆಗಿದೆಯಾ ಅಂತ ನೋಡಿಕೊಂಡೇ ತೆಗೆಯಿರಿ. ಜೊತೆಗೆ ಕೊಟ್ಟಿರುವ ತಿರುಗುವ ಕಂಬಿಗೆ ಚುಚ್ಚಿದರೆ ಕೆಳಗೆ ತಟ್ಟೆ ಇಡಲೇಬೇಕು, ಕೊಬ್ಬು ಕೆಳಗಿನ ರಾಡಿನ ಮೇಲೆ ತೊಟ್ಟಿಕ್ಕಿದರೆ ಮನೆಯೆಲ್ಲ ಹೊಗೆ. ಉಳಿದ ಮೂಳೆಯಲ್ಲಿ ರಾತ್ರಿ ಸಾರು, ಮುದ್ದೆ. ಕ್ರಿಸ್‌ಮಸ್ ಹೊತ್ತಿಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಟರ್ಕಿ ಬರುತ್ತೆ. ಐದು ಕೆಜಿಯ ಟರ್ಕಿಯನ್ನು ಇದರಲ್ಲಿ ಬೇಯಿಸಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದಲ್ಲಿ ಒಲೆಯ ಕೆಳಗೇ ಇರುವ ಓವನ್ ಸಾಮಾನ್ಯವಾಗಿ 140 ಲೀಟರಿನ ಆಸುಪಾಸು. ನಮ್ಮ 40 ಲೀಟರಿನಲ್ಲಿ ಅಷ್ಟು ದೊಡ್ಡ ಹಕ್ಕಿಯ ಎದೆ ಮೇಲಿನ ರಾಡಿಗೆ ತೀರಾ ಹತ್ತಿರ ಬರುತ್ತೆ, ಹೊರಗೆ ಕರಿಯಾಗಿ ಒಳಗೆ ಹಸಿ ಉಳಿಯುತ್ತೆ.

ನನ್ನ ದೂರುಗಳು ಇವು. ಕೈಪಿಡಿಯಲ್ಲಿ ಕನ್ನಡ ಇಲ್ಲ. ಅತ್ತೆಯಂಥವರು ಒಬ್ಬರೇ ಇದ್ದಾಗ ಬಳಸಬೇಕಾದರೆ ಅದು ಬೇಕೇ ಬೇಕು, ಸದ್ಯಕ್ಕೆ ನಾನೇ ನಾಬ್‌ಗಳ ಪಕ್ಕ ಕನ್ನಡದಲ್ಲಿ ಚೀಟಿ ಅಂಟಿಸಿದ್ದೇನೆ. ಟೈಮರ್ ಗಂಟೆ ತೀರಾ ಮೆಲ್ಲಗೆ, ಹಾಲ್‌ನಲ್ಲಿ ಕೂತವರಿಗೆ ಕೇಳಿಸುವುದಿಲ್ಲ. ಕೆಳಗಿನ ತಟ್ಟೆ ಬಳುಕುತ್ತೆ, ಬಿಸಿ ಇರುವಾಗ ಒಂದೇ ಕೈಯಲ್ಲಿ ಎಳೆಯುವ ಹಾಗಿಲ್ಲ. ಒಳಗಿನ ದೀಪ ಮಾತ್ರ ಬಹಳ ಚೆನ್ನಾಗಿದೆ.

ಕೊಳ್ಳಲು ಹೋಗುವಾಗ ಮನೆಯಲ್ಲಿ ನೀವು ಬಳಸುವ ಅತಿ ದೊಡ್ಡ ಸ್ಟೀಲ್ ತಟ್ಟೆಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಲೀಟರಿನ ಲೆಕ್ಕ ನೋಡಿ ಜಾಗ ಗೊತ್ತಾಗುವುದಿಲ್ಲ. ಅಂಗಡಿಯಲ್ಲೇ ಬಾಗಿಲು ತೆಗೆಸಿ, ತಟ್ಟೆ ಒಳಗಿಟ್ಟು, ಬಾಗಿಲು ಪೂರ್ತಿ ಮುಚ್ಚುತ್ತಾ ನೋಡಿ. ಪ್ಲಗ್ಗಿನ ಫೋಟೋ ತೆಗೆದುಕೊಂಡು ಬಂದು ಮನೆಯ ಪಾಯಿಂಟಿಗೆ ಹೋಲಿಸಿ, ಆಮೇಲೆ ದುಡ್ಡು ಕೊಡಿ.